ಹಾಸಿಗೆ ಹಿಡಿದವರ ಶುಶ್ರೂಷೆ: ಮಗ್ಗುಲು ಬದಲಿಸುವ ಕೈಗಳೇ ಮದ್ದು

ಮನೆಯ ಹಿರಿಯರೊಬ್ಬರು ಪಾರ್ಶ್ವವಾಯುವಿನಿಂದಲೋ, ತೊಡೆಯ ಮೂಳೆ ಮುರಿದೋ ಹಾಸಿಗೆ ಹಿಡಿದಾಗ ಮನೆಯವರ ಲಕ್ಷ್ಯವೆಲ್ಲ ಮೂಲ ಕಾಯಿಲೆಯ ಕಡೆಗೇ ಇರುವುದು ಸಹಜ. ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ಕೊಡಬೇಕು, ಮರಳಿ ತಪಾಸಣೆಗೆ ಎಂದು ಹೋಗಬೇಕು, ಖರ್ಚಿಗೆ ಏನು ದಾರಿ ಎಂಬ ಚಿಂತೆಗಳಲ್ಲಿಯೇ ದಿನಗಳು ಕಳೆಯುತ್ತವೆ. ಹೀಗಿರುವಾಗ ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ವಾರಗಳಲ್ಲಿ, ಮೈ ಒರೆಸುವ ಹೊತ್ತಿನಲ್ಲಿ, ಸೊಂಟದ ಕೆಳಭಾಗದಲ್ಲಿ ಕಪ್ಪಾದ ಇಲ್ಲವೆ ಸುಲಿದ ಚರ್ಮ ಕಣ್ಣಿಗೆ ಬೀಳುತ್ತದೆ. ಒಂದು ಬೇನೆ ಇಳಿಮುಖವಾಗುತ್ತಿರುವಾಗಲೇ ಮತ್ತೊಂದು ಬೇನೆ ಮೈಯಲ್ಲಿ ಮನೆಮಾಡಿರುತ್ತದೆ. ಇದನ್ನೇ ನಾವು ಹಾಸಿಗೆ ಹುಣ್ಣು ಎನ್ನುತ್ತೇವೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಒತ್ತಡದ ಹುಣ್ಣು ಎಂದು ಹೆಸರು.

ಹಾಸಿಗೆ ಹಿಡಿದ ಮೇಲೆ ಹುಣ್ಣಾಗುವುದು ಇದ್ದದ್ದೇ ಎಂಬ ಮಾತು ನಮ್ಮ ಜನರಲ್ಲಿ ಬೇರೂರಿದೆ. ಶುಶ್ರೂಷೆಯನ್ನೇ ಕಾಯಕವನ್ನಾಗಿ ಮಾಡಿಕೊಂಡಿರುವ ನಾವು ಈ ಮಾತನ್ನು ಒಪ್ಪಲಾರೆವು. ದೇಹ ತೀರ ಸೋತು ಕೊನೆಯ ದಿನಗಳಲ್ಲಿರುವ ಕೆಲವರಲ್ಲಿ ಎಷ್ಟು ಜೋಪಾನ ಮಾಡಿದರೂ ಚರ್ಮ ಒಡೆಯಬಹುದು. ಉಳಿದವರಲ್ಲಿ ಬಹುಪಾಲು ಹುಣ್ಣುಗಳನ್ನು ತಡೆಯಲು ಸಾಧ್ಯವಿದೆ. ಅದನ್ನು ತಡೆಯುವ ಮದ್ದು ಔಷಧದ ಅಂಗಡಿಯಲ್ಲಿ ದೊರೆಯುವುದಿಲ್ಲ. ಅದು ಮನೆಯವರ ಕೈಯಲ್ಲಿಯೇ ಇದೆ.

ಆಧುನಿಕ ಶುಶ್ರೂಷಾ ವೃತ್ತಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಷ್ಟು ಹಿಂದೆಯೇ ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಗ್ರಂಥದಲ್ಲಿ, ರೋಗಿಯ ಮೈಮೇಲಿನ ಹಾಸಿಗೆ ಹುಣ್ಣಿಗೆ ಸಾಮಾನ್ಯವಾಗಿ ಕಾರಣ ರೋಗವಲ್ಲ, ಶುಶ್ರೂಷೆಯಲ್ಲಿನ ಕೊರತೆ ಎಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದರು. ಅವರ ಜನ್ಮದಿನವಾದ ಮೇ 12ನ್ನು ಜಗತ್ತಿನಾದ್ಯಂತ ದಾದಿಯರ ದಿನವಾಗಿ ಆಚರಿಸಲಾಗುತ್ತದೆ. ಅವರ ಮಾತು ಆಸ್ಪತ್ರೆಯ ದಾದಿಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇಂದು ಹಾಸಿಗೆ ಹಿಡಿದವರಲ್ಲಿ ಬಹಳಷ್ಟು ಮಂದಿ ಇರುವುದು ಮನೆಗಳಲ್ಲಿ. ಅವರ ದಾದಿಯರು ಸೊಸೆ, ಮಗಳು, ಮಡದಿ, ಮಗ. ಆದ್ದರಿಂದ ಈ ವಿದ್ಯೆ ಮನೆಮನೆಗೂ ತಲುಪಬೇಕು.

ಹುಣ್ಣು ಏಕಾಗುತ್ತದೆ?

ಆರೋಗ್ಯವಂತರು ಗಾಢ ನಿದ್ರೆಯಲ್ಲಿಯೂ ಅರಿವಿಲ್ಲದೆಯೇ ಹಲವು ಸಲ ಹೊರಳುತ್ತಾರೆ. ಒಂದೇ ಕಡೆ ಭಾರ ಬಿದ್ದಾಗ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಅದುಮಿ, ರಕ್ತ ಸಂಚಾರ ಕಡಿಮೆಯಾಗುತ್ತದೆ. ದೇಹ ಅದನ್ನು ಗುರುತಿಸಿ ಮಗ್ಗುಲು ಬದಲಿಸುತ್ತದೆ. ಪಾರ್ಶ್ವವಾಯು ಬಡಿದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಪ್ರಜ್ಞೆ ಮಂದವಾದವರಿಗೆ ಈ ಸೂಚನೆ ತಿಳಿಯುವುದಿಲ್ಲ. ತಿಳಿದರೂ ಹೊರಳುವ ಶಕ್ತಿ ಇರುವುದಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಲುಕಿದ ಮಾಂಸ ಮತ್ತು ಚರ್ಮ ಉಸಿರುಗಟ್ಟಿದಂತಾಗಿ ಕ್ರಮೇಣ ಸಾಯುತ್ತವೆ.

ಒತ್ತಡದ ಜೊತೆಗೆ ಇನ್ನೆರಡು ಶತ್ರುಗಳಿವೆ. ಒಂದು, ಎಳೆತ. ರೋಗಿಯನ್ನು ಕಂಕುಳಿಗೆ ಕೈಕೊಟ್ಟು ಮೇಲಕ್ಕೆ ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ, ಒಳಗಿನ ಮೂಳೆ ಮುಂದೆ ಸರಿಯುತ್ತದೆ. ನಡುವಿನ ರಕ್ತನಾಳಗಳು ಜಗ್ಗಿ ಹರಿಯುತ್ತವೆ. ಎರಡನೆಯದು, ತೇವ. ಮೂತ್ರ, ಮಲ, ಬೆವರಿನಲ್ಲಿ ನೆನೆದ ಚರ್ಮ ನೀರಿನಲ್ಲಿ ನೆನೆಸಿದ ಕಾಗದದಂತೆ ಮೆತ್ತಗಾಗಿ ಬೇಗ ಕಿತ್ತುಬರುತ್ತದೆ.

ಹುಣ್ಣು ಒಳಗಿನಿಂದ ಹೊರಗೆ ಬರುವುದೂ ಉಂಟು. ಮೂಳೆಯ ಪಕ್ಕದ ಮಾಂಸ ಮೊದಲು ಹಾಳಾಗಿ, ಹೊರಗೆ ರೂಪಾಯಿಯಗಲದ ಕಲೆ ಮಾತ್ರ ಕಾಣುತ್ತಿರಬಹುದು. ಹೊರಗಿನ ಗಾತ್ರ ನೋಡಿ ಒಳಗಿನ ಆಳವನ್ನು ಅಳೆಯಲಾಗದು. ಇದರ ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ‘ಸೂಪರ್‌ಮ್ಯಾನ್’ ಪಾತ್ರದಿಂದ ಜಗತ್ಪ್ರಸಿದ್ಧರಾದ ನಟ ಕ್ರಿಸ್ಟೋಫರ್ ರೀವ್ ಅವರು 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಸೋಂಕು ತಗುಲಿದ ಒತ್ತಡದ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದಾಗಲೇ 2004ರಲ್ಲಿ ಹೃದಯ ಸ್ತಂಭನವಾಗಿ ತೀರಿಕೊಂಡರು. ಹಣ, ವೈದ್ಯರು, ದಾದಿಯರು ಯಾವುದಕ್ಕೂ ಕೊರತೆಯಿಲ್ಲದವರನ್ನೂ ಈ ಹುಣ್ಣು ಕಾಡಬಲ್ಲದು ಎಂದ ಮೇಲೆ ಇದನ್ನು ಚಿಕ್ಕ ಗಾಯವೆಂದು ಬಗೆಯುವಂತಿಲ್ಲ.

ಅಪಾಯ ಅಳೆಯುವ ಆರು ಪ್ರಶ್ನೆಗಳು

1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ಅಮೆರಿಕದ ಶುಶ್ರೂಷಾ ತಜ್ಞೆಯರು ಒಂದು ಅಳತೆಗೋಲನ್ನು ಪ್ರಕಟಿಸಿದರು. ಬ್ರೇಡನ್ ಮಾಪಕವೆಂದು ಹೆಸರಾದ ಇದನ್ನು ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಬಳಸುತ್ತಾರೆ. ಆರು ಅಂಶಗಳಿಗೆ ಅಂಕ ಕೊಟ್ಟು ಕೂಡಿಸಿದಾಗ ಗರಿಷ್ಠ 23 ಅಂಕಗಳು. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದರ್ಥ. ಮನೆಯವರು ಅಂಕಗಳ ಗೊಡವೆಗೆ ಹೋಗಬೇಕಾಗಿಲ್ಲ. ಆ ಆರು ಅಂಶಗಳನ್ನು ಪ್ರಶ್ನೆಗಳಾಗಿ ಕೇಳಿಕೊಂಡರೆ ಸಾಕು.

ನೋವು, ಅಸೌಖ್ಯ ಅವರಿಗೆ ತಿಳಿಯುತ್ತದೆಯೇ? ಮೈ ಸದಾ ಒದ್ದೆಯಾಗಿರುತ್ತದೆಯೇ? ಹಾಸಿಗೆ ಬಿಟ್ಟು ಏಳುತ್ತಾರೆಯೇ? ಮಲಗಿದಲ್ಲಿಯೇ ತಾವಾಗಿ ಹೊರಳಬಲ್ಲರೇ? ಹೊಟ್ಟೆತುಂಬ ಉಣ್ಣುತ್ತಾರೆಯೇ? ದಿಂಬಿನ ಮೇಲಿಂದ ಪದೇ ಪದೇ ಕೆಳಕ್ಕೆ ಜಾರುತ್ತಾರೆಯೇ? ಇವುಗಳಲ್ಲಿ ಎರಡು ಮೂರಕ್ಕೆ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಹುಣ್ಣು ಬರುವವರೆಗೆ ಕಾಯದೆ ಅಂದಿನಿಂದಲೇ ಎಚ್ಚರ ವಹಿಸಬೇಕು. ಮಧುಮೇಹವಿರುವವರಲ್ಲಿ, ತೀರ ಸೊರಗಿದವರಲ್ಲಿ ಈ ಎಚ್ಚರ ಇಮ್ಮಡಿಯಾಗಿರಲಿ.

ದಿನಕ್ಕೆರಡು ಸಲ ಮೈ ನೋಡಬೇಕು

ಬೆಳಿಗ್ಗೆ ಮೈ ಒರೆಸುವಾಗ ಒಮ್ಮೆ, ರಾತ್ರಿ ಮಲಗಿಸುವ ಮುನ್ನ ಒಮ್ಮೆ ಬೆಳಕಿನಲ್ಲಿ ಚರ್ಮವನ್ನು ಪರೀಕ್ಷಿಸಬೇಕು. ಅಂಗಾತ ಮಲಗುವವರಲ್ಲಿ ತಲೆಯ ಹಿಂಭಾಗ, ಹೆಗಲ ಮೂಳೆ, ಮೊಣಕೈ, ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ. ಮಗ್ಗುಲಲ್ಲಿ ಮಲಗುವವರಲ್ಲಿ ಕಿವಿ, ಭುಜ, ತೊಡೆಯ ಹೊರಗಿನ ಮೂಳೆ, ಮಂಡಿಗಳ ಒಳಬದಿ, ಕಾಲಿನ ಗೆಣ್ಣು. ಕುರ್ಚಿಯಲ್ಲಿ ಕೂರುವವರಲ್ಲಿ ಪೃಷ್ಠದ ಮೂಳೆಗಳು ಮುಖ್ಯ ಸ್ಥಳಗಳು.

ಪುಸ್ತಕಗಳಲ್ಲಿ ಮೊದಲ ಲಕ್ಷಣವೆಂದು ಕೆಂಪು ಕಲೆಯನ್ನು ಹೇಳಿರುತ್ತಾರೆ. ಬೆರಳಿನಿಂದ ಒತ್ತಿ ಬಿಟ್ಟಾಗಲೂ ಆ ಕೆಂಪು ಮಾಸದಿದ್ದರೆ ಹುಣ್ಣು ಆರಂಭವಾಗಿದೆ ಎಂದು ತಿಳಿಯಬೇಕು. ಆದರೆ ನಮ್ಮವರ ಕಪ್ಪು, ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುವ ಕಲೆ, ಮಿಂಚುವ ಬಿಗುವು, ಊತ ಇವುಗಳನ್ನು ಹುಡುಕಬೇಕು. ಕಣ್ಣಿಗಿಂತ ಕೈ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಅಂಗೈಯ ಹಿಂಬದಿಯನ್ನು ಮೃದುವಾಗಿ ತಾಗಿಸಿ ನೋಡಿದಾಗ ಆ ಜಾಗ ಅಕ್ಕಪಕ್ಕಕ್ಕಿಂತ ಬಿಸಿಯಾಗಿ, ತಣ್ಣಗೆ, ಗಟ್ಟಿಯಾಗಿ ಇಲ್ಲವೆ ಮೆತುವಾಗಿ ತೋರಿದರೆ ಅದು ಎಚ್ಚರಿಕೆಯ ಗಂಟೆ. ಅಲ್ಲಿ ನೋವಿದೆಯೇ ಎಂದು ರೋಗಿಯನ್ನೂ ಕೇಳಬೇಕು. ಈ ಹಂತದಲ್ಲಿ ಆ ಭಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡರೆ ಹೆಚ್ಚಿನ ವೇಳೆ ಚರ್ಮ ಒಡೆಯದೆಯೇ ಚೇತರಿಸಿಕೊಳ್ಳುತ್ತದೆ.

ಮಗ್ಗುಲು ಬದಲಿಸುವ ಕ್ರಮ

ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಶುಶ್ರೂಷೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಎಡ ಮಗ್ಗುಲು, ಅಂಗಾತ, ಬಲ ಮಗ್ಗುಲು ಎಂಬ ಸರದಿಯನ್ನು ವೇಳೆಯೊಂದಿಗೆ ಕಾಗದದಲ್ಲಿ ಬರೆದು ಮಂಚದ ಬಳಿ ಗೋಡೆಗೆ ಅಂಟಿಸಬೇಕು. ಪ್ರತಿ ಸಲವೂ ಗುರುತು ಹಾಕಬೇಕು. ಒಳ್ಳೆಯ ಹಾಸಿಗೆಯಿದ್ದು ಚರ್ಮದಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ರಾತ್ರಿಯಲ್ಲಿ ಈ ಅವಧಿಯನ್ನು ಎಷ್ಟು ಹೆಚ್ಚಿಸಬಹುದೆಂದು ವೈದ್ಯರನ್ನು ಅಥವಾ ಶುಶ್ರೂಷಾಧಿಕಾರಿಯನ್ನು ಕೇಳಿ ನಿರ್ಧರಿಸಬೇಕು. ಕುರ್ಚಿಯಲ್ಲಿ ಕೂತವರಲ್ಲಿ ಭಾರವೆಲ್ಲ ಸ್ವಲ್ಪ ಜಾಗದ ಮೇಲೆ ಬೀಳುವುದರಿಂದ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಅವರನ್ನು ಅಕ್ಕಪಕ್ಕಕ್ಕೆ ವಾಲಿಸಿ ಭಾರ ಇಳಿಸಬೇಕು.

ಮಗ್ಗುಲಿಗೆ ಮಲಗಿಸುವುದೆಂದರೆ ಪೂರ್ತಿ ಅಡ್ಡವಾಗಿ ನಿಲ್ಲಿಸುವುದಲ್ಲ. ಹಾಗೆ ಮಾಡಿದರೆ ತೊಡೆಯ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸಬೇಕು. ಮಂಡಿಗಳ ನಡುವೆ ಒಂದು ದಿಂಬು ಇರಲಿ. ಅಂಗಾತ ಮಲಗಿಸಿದಾಗ ಮೀನಖಂಡದ ಕೆಳಗೆ ಉದ್ದಕ್ಕೂ ದಿಂಬನ್ನಿಟ್ಟು, ಹಿಮ್ಮಡಿಗಳು ಹಾಸಿಗೆಗೆ ತಾಗದೆ ತೇಲುವಂತೆ ಮಾಡಬೇಕು.

ರೋಗಿಯನ್ನು ಎಂದೂ ಎಳೆಯಬಾರದು, ಎತ್ತಿ ಸರಿಸಬೇಕು. ಭುಜದಿಂದ ತೊಡೆಯವರೆಗೆ ಬರುವಂತೆ ಒಂದು ಗಟ್ಟಿ ಹತ್ತಿಯ ಪಂಚೆಯನ್ನು ಮಡಿಸಿ ಮೈಯ ಕೆಳಗೆ ಹಾಸಿದ್ದರೆ, ಇಬ್ಬರು ಎರಡು ಬದಿಯಲ್ಲಿ ಅದರ ಅಂಚನ್ನು ಹಿಡಿದು ಸುಲಭವಾಗಿ ಎತ್ತಬಹುದು. ಎತ್ತುವವರು ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಬೇಕು. ಇಲ್ಲವಾದರೆ ಅವರೇ ಬೆನ್ನುನೋವಿನಿಂದ ಹಾಸಿಗೆ ಹಿಡಿದಾರು. ಕೈ ಕೊಡುವ ಮುನ್ನ ಉಂಗುರ, ಬಳೆ ತೆಗೆದಿಟ್ಟು, ಉಗುರು ಕತ್ತರಿಸಿ, ಸಾಬೂನಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆದಿರಬೇಕು.

ಹೊರಳಿಸಿದ ಮೇಲೆ ಮೈಯ ಕೆಳಗೆ ಏನೂ ಸಿಲುಕಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಂಗಿಯ ಗುಂಡಿ, ಬಿಗಿಯಾದ ಉಡುದಾರ, ಕ್ಯಾಥೆಟರ್ ಎನ್ನುವ ಮೂತ್ರದ ನಳಿಕೆ ಇವೆಲ್ಲ ಒತ್ತಿ ಗಾಯ ಮಾಡಬಲ್ಲವು. ನಮ್ಮ ಹಿರಿಯರ ಕೊರಳಲ್ಲಿ ಲಿಂಗದ ಕರಡಿಗೆ ಇರುತ್ತದೆ. ಮಗ್ಗುಲು ಬದಲಿಸಿದಾಗ ಅದು ಎದೆಯ ಕೆಳಗೋ ಕಂಕುಳಲ್ಲಿಯೋ ಸಿಕ್ಕಿ ಒತ್ತುವುದುಂಟು. ಅದಕ್ಕಾಗಿ ಕರಡಿಗೆಯನ್ನು ತೆಗೆದಿಡುವ ಅಗತ್ಯವಿಲ್ಲ. ಶಿವದಾರದ ಉದ್ದವನ್ನು ಸರಿಪಡಿಸಿ, ಮೇಲ್ಬದಿಯಲ್ಲಿ ಹಗುರವಾಗಿ ನಿಲ್ಲುವಂತೆ ಇರಿಸಿದರೆ ಸಾಕು. ಮೂತ್ರದ ಚೀಲ ಯಾವಾಗಲೂ ಸೊಂಟದ ಮಟ್ಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು.

ಹಾಸಿಗೆ ಮತ್ತು ಸ್ವಚ್ಛತೆ

ಗಾಳಿ ತುಂಬಿದ ಹಾಸಿಗೆ, ನೀರಿನ ಹಾಸಿಗೆಗಳು ಉಪಯುಕ್ತವೇ. ಆದರೆ ಅವುಗಳನ್ನು ತಂದ ಮೇಲೆ ಮಗ್ಗುಲು ಬದಲಿಸಬೇಕಿಲ್ಲ ಎಂಬುದು ತಪ್ಪು ತಿಳುವಳಿಕೆ. ಅವು ಒತ್ತಡವನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಗಾಳಿ ಹಾಸಿಗೆಯ ಮೇಲೆ ದಪ್ಪನೆಯ ಕೌದಿ ಹಾಸಿದರೆ ಅದರ ಪ್ರಯೋಜನವೇ ಹೋಗುತ್ತದೆ. ಒಂದೇ ಪದರದ ತೆಳು ಹತ್ತಿ ಬಟ್ಟೆ ಸಾಕು. ರೋಗಿಯ ಸೊಂಟದ ನೇರಕ್ಕೆ ಆ ಗಾಳಿ ಹಾಸಿಗೆಯ ಅಡಿಯಲ್ಲಿ ಅಂಗೈಯಿಟ್ಟು ನೋಡಿದಾಗ ಮೂಳೆ ಕೈಗೆ ತಾಗಿದಂತೆ ಅನಿಸಿದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ವಿದ್ಯುತ್ ಹೋದಾಗ ಪಂಪು ನಿಂತು ಹಾಸಿಗೆ ಕುಸಿಯಬಹುದಾದ್ದರಿಂದ ಹಳ್ಳಿಗಳಲ್ಲಿರುವವರು ಆ ಹೊತ್ತಿನಲ್ಲಿ ವಿಶೇಷ ಎಚ್ಚರದಿಂದಿರಬೇಕು.

ಮಲಮೂತ್ರವಾದ ಕೂಡಲೇ ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಬೇಕು. ಬಳಿಕ ಪೆಟ್ರೋಲಿಯಂ ಜೆಲ್ಲಿ ಅಥವಾ ಸತುವಿನ ಮುಲಾಮನ್ನು ತೆಳ್ಳಗೆ ಹಚ್ಚಿದರೆ ತೇವ ಚರ್ಮಕ್ಕೆ ಇಳಿಯದು. ಒಣಗಿ ಬಿರಿಯುವ ಚರ್ಮಕ್ಕೆ ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಸವರಬಹುದು. ಡೈಪರ್ ಕಟ್ಟಿದ್ದೇವೆಂದು ಗಂಟೆಗಟ್ಟಲೆ ಬಿಡುವುದು ಸಲ್ಲದು.

ಆಹಾರವೂ ಶುಶ್ರೂಷೆಯೇ

ಸವೆದ ಚರ್ಮ ಮತ್ತೆ ಕಟ್ಟಿಕೊಳ್ಳಲು ಸಸಾರಜನಕ ಬೇಕು. ಹಾಸಿಗೆ ಹುಣ್ಣಿನ ಅಪಾಯವಿರುವ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.25ರಿಂದ 1.5 ಗ್ರಾಂ ಸಸಾರಜನಕ ಬೇಕೆಂದು ತಜ್ಞರು ಹೇಳುತ್ತಾರೆ. 50 ಕಿಲೋ ತೂಕದವರಿಗೆ ಇದು 62.5ರಿಂದ 75 ಗ್ರಾಂ. ಗಂಜಿ, ಸಕ್ಕರೆ ನೀರು, ಬಿಸ್ಕತ್ತುಗಳಿಂದ ಇದು ಒದಗುವುದಿಲ್ಲ. ಹೆಸರುಬೇಳೆಯ ಗಟ್ಟಿ ಕಟ್ಟು, ಹಾಲು, ಮೊಸರು, ಪನೀರ್, ಮೆತ್ತಗೆ ಬೇಯಿಸಿದ ಕಾಳು, ನುಣ್ಣಗೆ ಅರೆದ ಶೇಂಗಾ ಬೆರೆಸಿದ ರಾಗಿ ಅಂಬಲಿ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಬೇಕು. ಮೂತ್ರಪಿಂಡದ ತೊಂದರೆಯಿದ್ದವರಿಗೆ ಮಾತ್ರ ಈ ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಬೇಕು.

ಉಣಿಸುವಾಗ ಬೆನ್ನಿಗೆ ಆಧಾರ ಕೊಟ್ಟು ನೇರವಾಗಿ ಕೂರಿಸಬೇಕು. ಮಲಗಿಸಿಕೊಂಡು ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಸರಿದು ನ್ಯುಮೋನಿಯಾ ಆಗುವ ಭಯವಿದೆ. ಪಾರ್ಶ್ವವಾಯುವಾದವರಿಗೆ ನುಂಗುವಾಗ ಕೆಮ್ಮು ಬಂದರೆ, ಉಂಡ ಮೇಲೆ ಗಂಟಲಲ್ಲಿ ನೀರು ನಿಂತಂಥ ಗೊರಗೊರ ದನಿ ಕೇಳಿದರೆ ಉಣಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಉಂಡ ಬಳಿಕ ಅರ್ಧ ಗಂಟೆಯಿಂದ ಒಂದು ಗಂಟೆ ಕೂರಿಸಿ, ಅನಂತರ ತಲೆಯ ಭಾಗವನ್ನು 30 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿಸಬೇಕು. ಹೆಚ್ಚು ಹೊತ್ತು ಎತ್ತರಿಸಿಟ್ಟರೆ ಮೈ ಜಾರಿ ಸೊಂಟದ ಚರ್ಮ ಎಳೆಯುತ್ತದೆ.

ಮಾಡಬಾರದ ಕೆಲಸಗಳು

ಬೆನ್ನಿಗೆ ಸ್ಪಿರಿಟ್ ಉಜ್ಜಿ ಪೌಡರ್ ಹಾಕುವುದು ಹಿಂದೆ ಆಸ್ಪತ್ರೆಗಳಲ್ಲಿಯೇ ರೂಢಿಯಲ್ಲಿತ್ತು. ಅನೇಕ ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಯಿಸುತ್ತದೆ. ಪೌಡರ್ ಬೆವರಿನೊಡನೆ ಗಂಟುಕಟ್ಟಿ ಮರಳಿನಂತೆ ಉಜ್ಜುತ್ತದೆ. ಎರಡನ್ನೂ ಬಿಡಬೇಕು. ಬಣ್ಣಗೆಟ್ಟ ಜಾಗವನ್ನು ಮಾಲೀಶು ಮಾಡಬಾರದು. ಅದು ಒಳಗೆ ಸೋತ ರಕ್ತನಾಳಗಳನ್ನು ಹರಿಯುತ್ತದೆ. ಬಳೆಯಾಕಾರದ ಟ್ಯೂಬು, ಸಿಂಬಿಯಂತೆ ಸುತ್ತಿದ ಬಟ್ಟೆ ಇವು ನಡುವಿನ ಜಾಗಕ್ಕೆ ಆರಾಮ ಕೊಟ್ಟಂತೆ ಕಂಡರೂ ಸುತ್ತಲಿನ ರಕ್ತ ಸಂಚಾರವನ್ನು ತಡೆಯುತ್ತವೆ. ಸ್ಪರ್ಶಜ್ಞಾನ ಕಳೆದುಕೊಂಡ ಕಾಲಿಗೆ ಬಿಸಿನೀರಿನ ಚೀಲ ಇಡುವುದಂತೂ ಅಪಾಯಕಾರಿ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಹುಣ್ಣಾದ ಮೇಲೆ

ಹುಣ್ಣಿನಲ್ಲಿ ನಾಲ್ಕು ಹಂತಗಳಿವೆ. ಚರ್ಮ ಒಡೆಯದೆ ಬಣ್ಣ ಮಾತ್ರ ಬದಲಾಗುವುದು ಮೊದಲನೆಯದು. ಮೇಲುಚರ್ಮ ಸುಲಿಯುವುದು ಅಥವಾ ಗುಳ್ಳೆಯಾಗುವುದು ಎರಡನೆಯದು. ಕೊಬ್ಬಿನ ಪದರದವರೆಗೆ ಗುಳಿ ಬೀಳುವುದು ಮೂರನೆಯದು. ಸ್ನಾಯು, ಮೂಳೆ ಕಾಣುವುದು ನಾಲ್ಕನೆಯದು. ಎರಡನೆಯ ಹಂತದಿಂದ ಮುಂದೆ ಮನೆಮದ್ದಿಗೆ ಎಡೆಯಿಲ್ಲ. ಅರಿಸಿನ, ಬೂದಿ, ಸೊಪ್ಪಿನ ರಸ ತುಂಬಬಾರದು. ಔಷಧದ ಅಂಗಡಿಯಲ್ಲಿ ಸಿಗುವ ಸಲೈನ್ ದ್ರಾವಣದಿಂದ ಮೃದುವಾಗಿ ತೊಳೆದು, ಶುದ್ಧ ಬಟ್ಟೆ ಮುಚ್ಚಿ, ವೈದ್ಯರಿಗೆ ತೋರಿಸಬೇಕು. ಯಾವ ಔಷಧ, ಯಾವ ಪಟ್ಟಿ ಎಂಬುದು ಅವರ ನಿರ್ಧಾರ. ಯಾವ ಔಷಧ ಹಚ್ಚಿದರೂ ಆ ಜಾಗದ ಮೇಲಿನ ಭಾರ ಇಳಿಸದಿದ್ದರೆ ಹುಣ್ಣು ಮಾಯುವುದಿಲ್ಲ.

ಜ್ವರ, ಚಳಿ, ದುರ್ವಾಸನೆ, ಕೀವು, ಸುತ್ತಲೂ ಹರಡುವ ಊತ, ಕಪ್ಪು ಹೊರೆಗಟ್ಟಿದ ಚರ್ಮ, ಇದ್ದಕ್ಕಿದ್ದಂತೆ ಮಂಕಾಗುವುದು ಅಥವಾ ಬಡಬಡಿಸುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತಾಗಿ 108 ಆಂಬುಲೆನ್ಸ್ ಸೇವೆ ಇದೆ. ಅದಕ್ಕೂ ಮೊದಲೇ ಊರಿನ ಆಶಾ ಕಾರ್ಯಕರ್ತೆಗೆ, ಸಮೀಪದ ಆರೋಗ್ಯ ಕೇಂದ್ರಕ್ಕೆ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ತಿಳಿಸಿಡುವುದು ಜಾಣತನ. ಹುಣ್ಣಾಗಿದೆ ಎಂದು ನಾಚಿ ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟಷ್ಟೂ ಅದು ಆಳಕ್ಕೆ ಇಳಿಯುತ್ತದೆ.

ಕೇಳಲಾರದವರು, ಹೇಳಲಾರದವರು

ಮಲಗಿದವರ ಮನಸ್ಸನ್ನೂ ನಾವು ಅರಿಯಬೇಕು. ಜೀವಮಾನವಿಡೀ ದುಡಿದು ಹತ್ತಾರು ಮಂದಿಗೆ ಅನ್ನವಿಟ್ಟ ಹಿರಿಯರಿಗೆ, ನಡುರಾತ್ರಿ ಸೊಸೆಯನ್ನು ಎಬ್ಬಿಸಿ ‘ನನ್ನನ್ನು ಸ್ವಲ್ಪ ಹೊರಳಿಸವ್ವಾ’ ಎನ್ನಲು ಸಂಕೋಚ. ನೋವನ್ನು ನುಂಗಿ ಬೆಳಗಾಗುವುದನ್ನು ಕಾಯುತ್ತಾರೆ. ಅವರು ಕೇಳಲಿ ಎಂದು ಕಾಯದೆ ವೇಳೆಗೆ ಸರಿಯಾಗಿ ನಾವೇ ಹೋಗಬೇಕು. ಮುಟ್ಟುವ ಮುನ್ನ ‘ಯಪ್ಪಾ, ಈಗ ಎಡಕ್ಕೆ ಹೊರಳಿಸ್ತೀವಿ’ ಎಂದು ಹೇಳಬೇಕು. ಪ್ರಜ್ಞೆ ಇಲ್ಲದಂತೆ ಕಂಡವರಿಗೂ ಹೇಳಬೇಕು, ಅವರಿಗೆ ಕೇಳಿಸುತ್ತಿರಬಹುದು. ಮೈ ಒರೆಸುವಾಗ ಬಾಗಿಲು ಮುಚ್ಚಿ, ಒರೆಸುವ ಭಾಗವನ್ನು ಬಿಟ್ಟು ಉಳಿದುದನ್ನು ಬಟ್ಟೆಯಿಂದ ಮುಚ್ಚಬೇಕು. ಬೆಳಗಿನ ಇಷ್ಟಲಿಂಗ ಪೂಜೆಯ ಹೊತ್ತಿಗೆ ಸರಿಯಾಗಿ ಅವರನ್ನು ಎತ್ತಿ ಕೂರಿಸುವ ಸರದಿ ಬರುವಂತೆ ವೇಳಾಪಟ್ಟಿ ಮಾಡಿಕೊಂಡರೆ ಮೈಗೂ ಮನಸ್ಸಿಗೂ ಒಮ್ಮೆಲೇ ನೆಮ್ಮದಿ.

ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ. ಇದನ್ನು ಒಬ್ಬಳೇ ಸೊಸೆ ಅಥವಾ ಮಗಳು ತಿಂಗಳುಗಟ್ಟಲೆ ಮಾಡಲಾರಳು. ಮಾಡಲಾರದೆ ಸೋತಾಗ ಹುಣ್ಣಿನ ಹೊಣೆಯನ್ನು ಅವಳ ತಲೆಗೆ ಕಟ್ಟುವುದು ಅನ್ಯಾಯ. ನಾಲ್ವರು ಹಂಚಿಕೊಂಡರೆ ತಲೆಗೆ ಮೂರು ಸಲ ಮಾತ್ರ. ಹೊಲಕ್ಕೆ ಹೋಗುವ ಮಗ ಬೆಳಗಿನ ಎರಡು ಸರದಿ ನೋಡಿಕೊಳ್ಳಬಹುದು. ಕಾಲೇಜಿನಿಂದ ಬಂದ ಮೊಮ್ಮಗ ಸಂಜೆಯದನ್ನು ನೋಡಿಕೊಳ್ಳಬಹುದು. ರೋಗಿಯನ್ನು ಮಾತನಾಡಿಸಲು ಬರುವ ಬಂಧುಗಳು ಹಣ್ಣಿನ ಚೀಲದ ಜೊತೆಗೆ ಒಂದು ತಾಸಿನ ಬಿಡುವನ್ನೂ ತಂದು, ಆರೈಕೆ ಮಾಡುವವರಿಗೆ ನಿದ್ದೆ ಮಾಡಲು ಅವಕಾಶ ಕೊಡಬಹುದು. ಇದಕ್ಕಿಂತ ಮಿಗಿಲಾದ ದಾಸೋಹವನ್ನು ನಾವು ಕಾಣೆವು.

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇಂದೇ ದೀಪ ಹತ್ತಿರ ಹಿಡಿದು, ಅವರ ಹೊದಿಕೆ ಸರಿಸಿ, ಹಿಮ್ಮಡಿ ಮತ್ತು ಸೊಂಟವನ್ನು ಒಮ್ಮೆ ನೋಡಿರಿ. ಕೈಯಿಂದ ಮುಟ್ಟಿ ನೋಡಿರಿ. ಚರ್ಮ ಚೆನ್ನಾಗಿದ್ದರೆ ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಬಣ್ಣ ಕೆಟ್ಟಿದ್ದರೆ ಆ ಮಗ್ಗುಲಿನ ಭಾರವನ್ನು ಈಗಲೇ ಇಳಿಸಿ. ಚರ್ಮ ಒಡೆದಿದ್ದರೆ ನಾಳೆಗೆ ತಳ್ಳದೆ ವೈದ್ಯರಿಗೆ ತೋರಿಸಿರಿ.